ಉತ್ತರಕ್ಕೆ ಬಿಟ್ಟ ಜಾಗ

೨೦೩೮ರ ಫೆಬ್ರವರಿ ೧೧, ಗುರುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಬನಹಟ್ಟಿಯ ನೇಕಾರ ಕಾಲೊನಿಗೆ ಕರೆಂಟು ಬಂತು. ಓಣಿಯ ಎರಡೂ ಬದಿಯ ಶೆಡ್ಡುಗಳಲ್ಲಿ ಮಗ್ಗಗಳು ಒಂದರ ಹಿಂದೊಂದು ಶುರುವಾದವು. ದಾನಮ್ಮ ಕೊಣ್ಣೂರ ಮಲಗಿದ್ದ ಮಂಚದ ಪಕ್ಕದಲ್ಲಿ ಡಾ. ನಿರುಪಮಾ ಹೆಬಸೂರ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಮೂರು ತಿಂಗಳಿಂದ ಹೆಚ್ಚುಕಡಿಮೆ ನೆಲ ಹಿಡಿದು ಮಲಗಿದ್ದ ಅದರ ಪರದೆಯ ಹಸಿರು ಗೆರೆ ತಟ್ಟನೆ ಎದ್ದು ಕುಣಿಯತೊಡಗಿತು.

ಮಗ್ಗದ ಮೋಟಾರುಗಳ ವಿದ್ಯುತ್ ಗದ್ದಲ ಎಂದು ನಿರುಪಮಾ ಹಣೆ ಒತ್ತಿಕೊಂಡರು. ಈ ಗದ್ದಲ ಬೇಡವೆಂದೇ ಹಿಂದಿನ ಭೇಟಿಗಳನ್ನೆಲ್ಲ ಅಮಾವಾಸ್ಯೆಯಂದು ಇಟ್ಟುಕೊಂಡಿದ್ದರು. ಆ ಉಪಾಯ ಹೇಳಿಕೊಟ್ಟವಳು ದಾನಮ್ಮನ ಮಗಳು ಸುವರ್ಣಾ. "ಅಮಾಸಿ ದಿನಾ ಬರ್ರಿ ಮೇಡಂ. ಮಗ್ಗಕ್ಕ ರಜಾ ಇರತೈತಿ. ಓಣಿಗೆ ಓಣಿನ ಶಾಂತ ಇರತೈತಿ, ನಿಮ್ಮ ಮಶೀನಿಗೆ ಚಲೋ" ಎಂದಿದ್ದಳು. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಸಹಕಾರ ಸಿಗುವುದಿಲ್ಲ. ಆದರೆ ಈ ಸಲ ಮುಂದಿನ ಅಮಾವಾಸ್ಯೆ ಕಾಯುವಷ್ಟು ವ್ಯವಧಾನ ಇರಲಿಲ್ಲ.

ದಾನಮ್ಮನಿಗೆ ಐವತ್ತೆರಡು ವರ್ಷ. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶಗಳು ಒಂದೊಂದಾಗಿ ಆರಿಹೋಗುವ ರೋಗ. ಮೊದಲು ಕೈ ಹೋಯಿತು, ಆಮೇಲೆ ಕಾಲು, ಆಮೇಲೆ ಧ್ವನಿ. ಕೊನೆಗೆ ಕಣ್ಣಿನ ರೆಪ್ಪೆಯೂ ಹಿಡಿತ ತಪ್ಪಿ, ಹೌದೋ ಅಲ್ಲವೋ ಎಂದು ಕೇಳಿದರೆ ಒಂದೇ ಪ್ರಶ್ನೆಗೆ ಒಮ್ಮೆ ಹಾಗೆ, ಒಮ್ಮೆ ಹೀಗೆ ಮುಚ್ಚುತ್ತಿತ್ತು. ಮಿದುಳು ಮಾತ್ರ ಚೆನ್ನಾಗಿತ್ತು. ಅದಕ್ಕೇ ಹಿಂದಿನ ನವೆಂಬರಿನಲ್ಲಿ ಧಾರವಾಡದ ಸಂಶೋಧನಾ ಕೇಂದ್ರ ಆಕೆಯನ್ನು ಪ್ರಯೋಗಕ್ಕೆ ಸೇರಿಸಿಕೊಂಡಿತ್ತು. ತುಟಿ, ನಾಲಿಗೆ, ದವಡೆ, ಗಂಟಲು ಇವನ್ನು ನಡೆಸುವ ಮಿದುಳಿನ ಭಾಗದ ಮೇಲೆ ಕಿರುಬೆರಳ ಉಗುರಿಗಿಂತ ಚಿಕ್ಕದಾದ ನಾಲ್ಕು ಬಿಲ್ಲೆಗಳನ್ನು ಕೂರಿಸಿದ್ದರು. ಸ್ನಾಯು ಮಾತು ಕೇಳದಿದ್ದರೂ ಮಿದುಳು ಆಜ್ಞೆ ಕೊಡುತ್ತಲೇ ಇರುತ್ತದೆ. ಬಿಲ್ಲೆಗಳು ಆ ಆಜ್ಞೆ ಹಿಡಿಯುತ್ತವೆ, ಗಣಕ ಅದನ್ನು ಅಕ್ಷರ ಮಾಡಿ ಪರದೆಗೆ ತರುತ್ತದೆ. ಈ ಮೊದಲು ಸೇರಿದ್ದ ಆರು ಜನ ಹೀಗೆಯೇ ಮನೆಯವರ ಜೊತೆ ಮಾತಾಡುತ್ತಿದ್ದರು, ಜಗಳವನ್ನೂ ಆಡುತ್ತಿದ್ದರು.

ದಾನಮ್ಮನ ಪರದೆ ಮಾತ್ರ ಖಾಲಿ. ನೂರು ಪದ ಹೇಳಿರೆಂದರೆ ಹನ್ನೊಂದು ಮೂಡುತ್ತಿದ್ದವು, ಅದೂ ಅರ್ಧಂಬರ್ಧ. ಮಿದುಳೂ ಸೋಲುತ್ತಿರಬೇಕು ಎಂದು ಕೇಂದ್ರದಲ್ಲಿ ಮೆಲ್ಲಗೆ ಮಾತಾಡಿಕೊಳ್ಳತೊಡಗಿದ್ದರು. ಸೋಮವಾರ ಪರಿಶೀಲನಾ ಸಭೆ. ಅಲ್ಲಿಯವರೆಗೆ ಸುಧಾರಿಸದಿದ್ದರೆ ಯಂತ್ರವನ್ನು ನಿಲ್ಲಿಸುವುದು ನಿಯಮ.

ಅದಕ್ಕಿಂತ ದೊಡ್ಡ ಪ್ರಶ್ನೆ ಉಸಿರಿನದು. ದಾನಮ್ಮನ ಎದೆಯ ಸ್ನಾಯುಗಳು ಸೋಲತೊಡಗಿದ್ದವು. ಕೊರಳಿಗೆ ರಂಧ್ರ ಮಾಡಿ ಶ್ವಾಸಯಂತ್ರ ಜೋಡಿಸಬೇಕು, ಇಲ್ಲವೇ ಬಿಡಬೇಕು. ಆ ತೀರ್ಮಾನ ರೋಗಿಯದು. ರೋಗಿ ಹೇಳಲಾಗದಿದ್ದರೆ ಮನೆಯವರದು.

ಮನೆಯವರು ಇಬ್ಬರು. ಗಂಡ ಶಂಕರಪ್ಪ ಮಗ್ಗ ರಿಪೇರಿ ಮಾಡುವ ಜಾಬರ್. ಆತ ಚಹಾದ ಬಟ್ಟಲು ತಂದಿಡುತ್ತಲೇ ಅಂದ, "ಹಾಕಸೂದ ರೀ ಮೇಡಂ. ಇದರಾಗ ಕೇಳೂದೇನೈತಿ? ಕೆಟ್ಟದ್ದನ್ನ ರಿಪೇರಿ ಮಾಡತಾರ."

"ಯಪ್ಪಾ, ಅದು ಮಗ್ಗ ಅಲ್ಲ, ಅವ್ವ," ಎಂದಳು ಸುವರ್ಣಾ. "ಹಂಗ ವರ್ಷಾನುಗಟ್ಟಲೆ ಮಲಗಿರೂದು ಆಕಿಗೆ ಬೇಕೈತೋ ಬ್ಯಾಡೈತೋ, ನಿನಗ ಗೊತ್ತೈತೇನು?"

"ನಿನಗ ಗೊತ್ತೈತೇನು?"

"ನನಗೂ ಗೊತ್ತಿಲ್ಲ. ಅದನ್ನ ಹೇಳಾಕತ್ತೀನಿ."

ಇಬ್ಬರೂ ಮಂಚದ ಕಡೆ ನೋಡಲಿಲ್ಲ. ಮಂಚದ ಎಡಬದಿಯಲ್ಲಿ ಸ್ಟ್ಯಾಂಡಿನ ಫ್ಯಾನು ತಿರುಗುತ್ತಿತ್ತು.

ನಿರುಪಮಾ ಕೆಲಸಕ್ಕೆ ಮರಳಿದರು. ಗದ್ದಲವನ್ನು ಸೋಸಲು ಒಂದು ಸರಳ ಉಪಾಯವಿದೆ. ಮಿದುಳಿಗೆ ತಾಗದೆ ತಲೆಬುರುಡೆಯ ಮೇಲೆಯೇ ಕೂತ ಒಂದು ಖಾಲಿ ತಂತಿ ಇರುತ್ತದೆ. ಮೋಟಾರಿನ ಗದ್ದಲವಾದರೆ ಅದರಲ್ಲೂ ಕಾಣಬೇಕು. ಅವರು ಆ ತಂತಿಯ ಗೆರೆ ತೆರೆದರು. ಅದು ಚಪ್ಪಟೆಯಾಗಿತ್ತು.

ಗದ್ದಲ ಹೊರಗಿನದಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ತಲೆಗೂದಲ ತುಂಬ ಹತ್ತಿಯ ದೂಳು. ಮಾಬೂಬಿ. ಇಪ್ಪತ್ತಾರು ವರ್ಷ ದಾನಮ್ಮನ ಎದುರಿನ ಮಗ್ಗದಲ್ಲಿ ನೇಯ್ದವಳು. ದಿನವೂ ಮಗ್ಗ ಕೆಟ್ಟು ನಿಂತು ಜಾಬರ್ ಬರುವವರೆಗಿನ ಬಿಡುವಿನಲ್ಲಿ ಹೀಗೆ ಬಂದು ಹೋಗುವುದು ಅವಳ ರೂಢಿ. ಅವಳು ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು, ಸದ್ದೇ ಇಲ್ಲದೆ, ಬಾಯನ್ನು ಅಗಲಗಲ ಆಡಿಸಿ ಏನೋ ಅಂದಳು. ಕ್ಷಣ ತಡೆದಳು. ನಕ್ಕಳು. ಮತ್ತೆ ಏನೋ ಅಂದಳು. ಮತ್ತೆ ತಡೆದಳು.

ನಿರುಪಮಾ ಪರದೆಯ ಕಡೆ ನೋಡುತ್ತಿದ್ದರು. ಮಾಬೂಬಿಯ ಬಾಯಿ ಆಡುವಾಗ ಹಸಿರು ಗೆರೆ ಇಳಿಯಿತು. ಅವಳು ತಡೆದಾಗ ಏರಿತು. ಮತ್ತೆ ಅವಳು ಶುರು ಮಾಡಿದಾಗ ಇಳಿಯಿತು.

ಯಾವ ಗದ್ದಲವೂ ತನ್ನ ಸರದಿ ಕಾಯುವುದಿಲ್ಲ.

"ಅವರು ಏನಂದ್ರು?" ಎಂದು ನಿರುಪಮಾ ಸುವರ್ಣಾಳನ್ನು ಕೇಳಿದರು. ಮಗ್ಗದ ಸದ್ದಿನಲ್ಲಿ ಕೂಗಿಯೇ ಕೇಳಬೇಕಾಯಿತು.

"ಉಂಡೀಯೇನ ಅಂದ್ಲು. ಆಮ್ಯಾಲ, ನಿನ್ನ ಗಂಡ ಇನ್ನೂ ಬಂದಿಲ್ಲ, ನನ್ನ ಮಗ್ಗ ನಿಂತೈತಿ ಅಂತ ದೂರ ಹೇಳಿದ್ಲು. ಶೆಡ್ಡಿನ್ಯಾಗ ಮಾತಾಡೂದ ಹಂಗ ರೀ. ಧ್ವನಿ ತಗದ್ರ ಗಂಟಲ ಹರಿತೈತಿ ಹೊರತು ಯಾರಿಗೂ ಕೇಳೂದಿಲ್ಲ. ಅದಕ್ಕ ಬರೇ ಬಾಯಿ ಆಡಸ್ತಾರ."

"ನಿಮ್ಮವ್ವ?"

"ಎಲ್ಲಾರೂ. ಮನ್ಯಾಗೂ ಎಷ್ಟೋ ಸಲ ಹಂಗ ಮಾತಾಡತಿದ್ಲು, ಜಡ್ಡಿನ ಮೊದಲೂ. ನಾ ಬೈತಿದ್ನಿ, ಯವ್ವಾ, ಇದು ಶೆಡ್ ಅಲ್ಲ, ಧ್ವನಿ ತಗದು ಮಾತಾಡು ಅಂತ."

ನಿರುಪಮಾ ಮಾಬೂಬಿಯನ್ನು ಒಳಗೆ ಕರೆದರು. "ದಾನಮ್ಮ ಏನು ಉತ್ತರ ಕೊಟ್ರು, ನಿಮಗ ತಿಳೀತೇನು?"

ಮಾಬೂಬಿ ಇಲ್ಲವೆಂದು ತಲೆಯಾಡಿಸಿದಳು. "ಎಲ್ಲಿ ತಿಳೀತೈತ್ರಿ ಅಕ್ಕಾರ? ಮಾರಿ ಒಂದ ಗೆರಿ ಅಲುಗಾಡೂದಿಲ್ಲ. ಆದ್ರ ಬರೇ ನಾನ ಒದರಿ ಹೋದ್ರ ಅದ್ಯಾತರ ಮಾತು? ಉತ್ತರಕ್ಕ ಜಾಗಾ ಬಿಡಬೇಕಲ್ರಿ."

ಮರುದಿನ ಧಾರವಾಡದಲ್ಲಿ, ಕೇಂದ್ರದ ಮುಖ್ಯಸ್ಥ ಡಾ. ಸತ್ಯಬೋಧ ಗಲಗಲಿ ಆ ಗೆರೆಗಳನ್ನು ಎರಡು ಸಲ ಓಡಿಸಿ ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ಅಂದ್ರ ನಮ್ಮ ಬಾಗಿಲೇ ಆಕೀನ್ನ ಹೊರಗ ಇಟ್ಟದ," ಎಂದರು.

ಬಾಗಿಲು ಎಂದರೆ ಗಣಕದೊಳಗಿನ ಒಂದು ಸೂತ್ರ. ಮೊದಮೊದಲ ಪ್ರಯೋಗಗಳಲ್ಲಿ ಒಂದು ಅನಾಹುತವಾಗಿತ್ತು. ಮನಸ್ಸಿನಲ್ಲೇ ಅಂದುಕೊಂಡ ಮಾತೂ ಆಗೀಗ ಪರದೆಗೆ ಬಂದುಬಿಡುತ್ತಿತ್ತು. ಒಬ್ಬರು ತಮ್ಮ ಅಣ್ಣನ ಎದುರೇ ಅಣ್ಣನ ಬಗ್ಗೆ ಅಂದುಕೊಂಡಿದ್ದು ದೊಡ್ಡ ಅಕ್ಷರದಲ್ಲಿ ಮೂಡಿ, ಆ ಸಂಬಂಧ ಮತ್ತೆ ಸರಿಹೋಗಲಿಲ್ಲ. ಆಮೇಲೆ ಎಲ್ಲ ಕೇಂದ್ರಗಳೂ ಈ ಬಾಗಿಲನ್ನು ಕಡ್ಡಾಯ ಮಾಡಿದವು. ಮಿದುಳು ಗಂಟಲಿಗೆ, ಧ್ವನಿಪೆಟ್ಟಿಗೆಗೆ ಆಜ್ಞೆ ಕೊಟ್ಟಿದ್ದರೆ ಅದು ಆಡಿದ ಮಾತು, ಪರದೆಗೆ ಬರಬಹುದು. ಗಂಟಲಿಗೆ ಆಜ್ಞೆ ಇಲ್ಲದಿದ್ದರೆ ಅದು ಒಳಗಿನ ವಿಚಾರ. ಗಣಕ ಅದನ್ನು ಓದದೆ, ಉಳಿಸದೆ ಅಳಿಸಿಬಿಡಬೇಕು. ಮಿದುಳಿನ ಆ ಭಾಗ ಎಷ್ಟು ಸದ್ದು ಮಾಡಿತು ಎಂಬ ಹಸಿರು ಗೆರೆಯಷ್ಟೇ ಉಳಿಯುತ್ತದೆ.

ಸೂತ್ರ ಬರೆದವರಿಗೆ ಗಂಟಲು ಬಳಸದೆ ಬದುಕಿಡೀ ಹರಟೆ ಹೊಡೆದ ಜನರ ಪರಿಚಯ ಇರಲಿಲ್ಲ. "ಹೇಳಿ ನೋಡ್ರಿ ದಾನಮ್ಮ" ಎಂದಾಗಲೆಲ್ಲ ಆಕೆ ಹೇಳಿದ್ದಳು. ಧ್ವನಿ ಮುಟ್ಟದ ಕಡೆ ಹೇಗೆ ಹೇಳಬೇಕೋ ಹಾಗೆ, ತುಟಿಯಿಂದ ಹೇಳಿದ್ದಳು. ಮೂರು ತಿಂಗಳು ಗಣಕ ಅದನ್ನೆಲ್ಲ ಗೌರವದಿಂದ ಅಳಿಸುತ್ತ ಬಂದಿತ್ತು.

"ಬಾಗಿಲು ತಗದುಬಿಡೂಣಲ್ಲ," ಎಂದ ಕಿರಿಯ ಎಂಜಿನಿಯರ್ ಫೆಲಿಕ್ಸ್. "ಇವತ್ತೇ ಮಾತು ಬರ್ತದ."

"ಮಾತಷ್ಟೇ ಬರ್ತದೇನು?" ಎಂದರು ಗಲಗಲಿ. "ಆಕಿ ಗಂಡನ ಬಗ್ಗೆ, ಮಗಳ ಬಗ್ಗೆ, ಸಾಯೋದರ ಬಗ್ಗೆ ಏನೇನು ಅಂದುಕೋತಾಳೋ ಎಲ್ಲಾ ಬರ್ತದ. ಬೇಡ ಅನ್ನಲಿಕ್ಕೆ ಆಕಿಗೆ ಬಾಯಿಲ್ಲ. ನಿಮ್ಮ ತಲಿ ಹಂಗ ತಗೀರಿ ಅಂದ್ರ ನೀವು ಕೊಡ್ತೀರೇನು?"

ಫೆಲಿಕ್ಸ್ ತನ್ನ ಟಿಪ್ಪಣಿಯಲ್ಲಿ ಆ ಸಾಲನ್ನು ಹೊಡೆದುಹಾಕಿದ.

ನಿರುಪಮಾ ಬೆಳಿಗ್ಗೆಯಿಂದ ಯೋಚಿಸಿದ್ದನ್ನು ಹೇಳಿದರು. ಶಾಂತ ಕೋಣೆಯಲ್ಲಿ ದಾನಮ್ಮನ ತುಟಿಮಾತಿನ ಆಜ್ಞೆ ಮೆಲ್ಲಗಿರುತ್ತದೆ. ಒಳಗಿನ ವಿಚಾರದ ಸದ್ದೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಗುಂಪು ಒಂದರ ಮೇಲೊಂದು ಬಿದ್ದು ಬೇರೆಮಾಡಲು ಬರುವುದಿಲ್ಲ. ಆದರೆ ಸುತ್ತ ಗದ್ದಲವಿದ್ದಾಗ ಮನುಷ್ಯ ತನಗರಿವಿಲ್ಲದೆ ಬಾಯನ್ನು ಜೋರಾಗಿ ಆಡಿಸುತ್ತಾನೆ. ದಾನಮ್ಮನಿಗಂತೂ ಅದು ಇಪ್ಪತ್ತಾರು ವರ್ಷದ ಅಭ್ಯಾಸ. ಮಗ್ಗ ಶುರುವಾದ ಮೇಲೆ ತುಟಿಯ ಆಜ್ಞೆ ಆರು ಪಟ್ಟು ದೊಡ್ಡದಾಗಿತ್ತು. ವಿಚಾರ ಮಾಡಲು ಯಾರೂ ದನಿ ಏರಿಸುವುದಿಲ್ಲ.

"ಗಂಟಲಿನ ಬದಲು ತುಟಿಯ ಮೇಲೆ ಬಾಗಿಲು ಇಡೂಣು ಸರ್, ಆದರ ಮಗ್ಗದ ಸದ್ದಿನಾಗ ಮಾತ್ರ. ಸದ್ದು ಇದ್ರ ಬಾಗಿಲು ತೆರೀತದ, ಸದ್ದು ನಿಂತ್ರ ಮುಚ್ತದ. ಕಲಿಸಲಿಕ್ಕೆ ನಾವು ಕೊಟ್ಟ ಪದ ಮಾತ್ರ ಹೇಳಸೂಣು. ಆಕಿ ಸ್ವಂತದ್ದು ಒಂದಕ್ಷರನೂ ಓದೋದು ಬೇಡ, ಆಕಿ ಹೇಳೋವರೆಗೂ."

ಗಲಗಲಿ ದಾನಮ್ಮನ ರಕ್ತಪರೀಕ್ಷೆಯ ಹಾಳೆ ತೆಗೆದು ನೋಡಿದರು. "ರಕ್ತದಾಗ ಇಂಗಾಲದ ಡೈಆಕ್ಸೈಡ್ ಏರಿಕೋತ ಹೊಂಟದ," ಎಂದರು. "ಲಗೂ ಮಾಡ್ರಿ."

ಸೋಮವಾರದ ಸಭೆ ಒಂದು ವಾರದ ಗಡುವು ಕೊಟ್ಟಿತು. ಶಂಕರಪ್ಪ ತನ್ನ ಶೆಡ್ಡಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡು, ಹೆಂಡತಿಯನ್ನು ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಧಾರವಾಡಕ್ಕೆ ಬಂದ. ಜೊತೆಗೆ ಸುವರ್ಣಾ, ಮಾಬೂಬಿ.

ಕೋಣೆಯ ನಾಲ್ಕು ಮೂಲೆಗೆ ಸ್ಪೀಕರ್ ಇಟ್ಟರು. ಸದ್ದು ತೊಂಬತ್ನಾಲ್ಕು ಡೆಸಿಬೆಲ್‌ಗೆ ಬಂದಾಗ ಪಕ್ಕದ ಪ್ರಯೋಗಾಲಯದವರು ಬಂದು ಬಾಗಿಲು ಬಡಿದು ಬೈದು ಹೋದರು. ನಿರುಪಮಾ ದಾನಮ್ಮನ ಕಣ್ಣಿಗೆ ಕಾಣುವಂತೆ ಒಂದೊಂದೇ ಪದ ತೋರಿಸಿದರು: ನೀರು, ಲಾಳಿ, ಬಾಗಿಲು, ನಾಳೆ. ಎರಡು ದಿನ ಅದೇ ಕೆಲಸ. ಗಣಕ ತಪ್ಪಿತು, ತಿದ್ದಿಕೊಂಡಿತು, ಮತ್ತೆ ತಪ್ಪಿತು. ಮೂರನೆಯ ದಿನ ಬೆಳಿಗ್ಗೆ ನೂರಕ್ಕೆ ಎಂಬತ್ತೆಂಟು ಪದ ಸರಿ ಬಂದವು.

ಆಗ ನಿರುಪಮಾ ಮಂಚದ ಹತ್ತಿರ ಬಗ್ಗಿ, ಸದ್ದು ನಿಲ್ಲಿಸಿ, ನಿಧಾನವಾಗಿ ಹೇಳಿದರು. "ದಾನಮ್ಮ, ಇನ್ನ ಪದ ನಾ ಕೊಡೂದಿಲ್ಲ. ಮಗ್ಗದ ಸದ್ದು ಹಚ್ಚಿದಾಗ ನೀವು ಬಾಯಿ ಆಡಿಸಿದ್ದು ಎಲ್ಲಾರಿಗೂ ಕಾಣಸ್ತದ. ಸದ್ದು ನಿಲ್ಲಿಸಿದಾಗ ಏನೂ ಕಾಣಸೂದಿಲ್ಲ, ನಮಗೂ ಕಾಣಸೂದಿಲ್ಲ. ಮಾತಾಡೂ ಮನಸಿಲ್ಲಂದ್ರ ಸುಮ್ಮನಿರ್ರಿ. ಸದ್ದು ಹಚ್ಚಲೇನು?"

ಉತ್ತರ ಬರುವಂತಿರಲಿಲ್ಲ. ಹಚ್ಚಿದರು.

ಮಗ್ಗಗಳು ಮೊರೆದವು. ಪರದೆ ಖಾಲಿ ಇತ್ತು. ಶಂಕರಪ್ಪ ಬೆರಳ ನೆಟಿಕೆ ಮುರಿದುಕೊಂಡ. ಸುವರ್ಣಾ ಗೋಡೆಗೆ ಒರಗಿದಳು. ಮಾಬೂಬಿ ಮಾತ್ರ ಮಂಚದ ಎದುರು, ಮಗ್ಗದಿಂದ ಮಗ್ಗಕ್ಕಿದ್ದಷ್ಟೇ ದೂರದಲ್ಲಿ ನಿಂತು, ಸದ್ದಿಲ್ಲದೆ ಬಾಯಿ ಆಡಿಸಿದಳು: ಏನ ದಾನಕ್ಕ? ಮತ್ತೆ ತಡೆದಳು.

ಪರದೆಯ ಮೇಲೆ ಅಕ್ಷರ ಮೂಡಿದವು.

ಆ ಫ್ಯಾನ್ ಬಂದ್ ಮಾಡ್ರಿ

ಯಾರಿಗೂ ತಿಳಿಯಲಿಲ್ಲ. ಕೋಣೆಯಲ್ಲಿ ಫ್ಯಾನೇ ಇರಲಿಲ್ಲ.

ಮನ್ಯಾಗಿನ ಫ್ಯಾನ್. ಎಡಗಿವ್ಯಾಗ ಗಾಳಿ ಹೊಡದ ಹೊಡದ ಕಿವಿ ಸತ್ತೈತಿ. ಮೂರು ತಿಂಗಳಾತು ಹೇಳಾಕತ್ತು. ಏನ್ ಮಂದಿ ನೀವು

ಮಾಬೂಬಿ ಮೊದಲು ನಕ್ಕಳು. ಆಮೇಲೆ ಸೆರಗು ಬಾಯಿಗೆ ಹಿಡಿದು ಅತ್ತಳು. ಶಂಕರಪ್ಪ ಮಂಚದ ಹತ್ತಿರ ಓಡಿ, ಸದ್ದಿನ ನಡುವೆ ಗಂಟಲು ಹರಿಯುವಂತೆ ಕೂಗಿದ, "ನಿನಗ ಸೆಕಿ ಆಗತೈತಿ ಅಂತ ನಾನ ಹಚ್ಚತಿದ್ನೆಲೆ!"

ಗೊತ್ತೈತಿ. ಅದಕ್ಕ ಬರೇ ಬೈದೀನಿ

ಆ ಮಧ್ಯಾಹ್ನ ಗಲಗಲಿ ತಾವೇ ಬಂದು ಶ್ವಾಸಯಂತ್ರದ ವಿಷಯ ವಿವರಿಸಿದರು. ಏನೂ ಮುಚ್ಚಿಡಲಿಲ್ಲ. ಜೋಡಿಸಿದರೆ ವರ್ಷಗಟ್ಟಲೆ ಇರಬಹುದು. ಕೊರಳ ನಳಿಕೆಯನ್ನು ದಿನಕ್ಕೆ ಹಲವು ಸಲ ಸ್ವಚ್ಛ ಮಾಡಬೇಕು, ಒಬ್ಬರು ಸದಾ ಜೊತೆಗಿರಬೇಕು. ಜೋಡಿಸದಿದ್ದರೆ ಕೆಲವೇ ದಿನ. ನೋವಾಗದಂತೆ ನೋಡಿಕೊಳ್ಳುತ್ತೇವೆ. "ಏನು ಮಾಡೂಣು ಹೇಳ್ರಿ. ನೀವು ಹೇಳಿದ್ದೇ ಆಗ್ತದ."

"ಹಾಕಸಂತ ಹೇಳ," ಎಂದ ಶಂಕರಪ್ಪ.

"ಯಪ್ಪಾ, ಸುಮ್ಮನಿರು."

ನಿರುಪಮಾ ಸದ್ದು ಹಚ್ಚಿದರು. ಪರದೆಯಲ್ಲಿ ಅಕ್ಷರ ಬಂದವು.

ಮಗ್ಗ ನಿಲ್ಲಸ್ರಿ. ಎಲ್ಲಾರೂ ಹೊರಗ ಹೋಗ್ರಿ. ವಿಚಾರ ಮಾಡತೀನಿ

ನಿರುಪಮಾ ಸದ್ದು ನಿಲ್ಲಿಸಿದರು. ಪರದೆ ಖಾಲಿಯಾಯಿತು. ಮೂರು ತಿಂಗಳು ಇದೇ ಖಾಲಿ ಪರದೆಯನ್ನು ನೋಡಿ ಅವರು ಒಳಗೆ ಯಾರೂ ಇಲ್ಲವೇನೋ ಎಂದುಕೊಂಡಿದ್ದರು. ಎಲ್ಲರೂ ಹೊರಗೆ ಹೋದರು. ಉಸಿರಾಟದ ಅಂಕಿ ಕಾಯಲು ನಿರುಪಮಾ ಗಾಜಿನ ಆಚೆ ಕೂತರು. ಲ್ಯಾಪ್‌ಟಾಪಿನಲ್ಲಿ ಹಸಿರು ಗೆರೆ ಸಣ್ಣಗೆ ಏಳುತ್ತಿತ್ತು, ಬೀಳುತ್ತಿತ್ತು, ಬಹಳ ಹೊತ್ತು ನಿಂತು ಮತ್ತೆ ಏಳುತ್ತಿತ್ತು. ಅದರಲ್ಲಿ ಓದಲು ಏನೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತಿನ ಮೇಲೆ ಅವರಿಗೆ ಬೇರೆಯವರ ಕಿಟಕಿಯಲ್ಲಿ ಇಣುಕಿದಂತಾಗಿ, ಆ ಗೆರೆಯನ್ನೂ ಮುಚ್ಚಿದರು.

ಕಾರಿಡಾರಿನ ಬೆಂಚಿನ ಮೇಲೆ ಸುವರ್ಣಾ ತಂದೆಯ ಪಕ್ಕ ಕೂತಿದ್ದಳು. "ಬ್ಯಾಡ ಅಂದ್ರ ಒಪ್ಪತೀಯೇನು ಯಪ್ಪಾ?"

ಶಂಕರಪ್ಪ ಕೈಯ ಎಣ್ಣೆ ಕಲೆಯನ್ನು ಉಜ್ಜಿದ. "ಫ್ಯಾನಿನ ಗಾಳಿ ಬ್ಯಾಡಾಗಿತ್ತು ಅಂತನೂ ನನಗ ಗೊತ್ತಿರಲಿಲ್ಲ," ಎಂದ. "ಒಪ್ಪದ ಏನ ಮಾಡ್ಲಿ?"

ಅರ್ಧ ಗಂಟೆಯ ಮೇಲೆ ಒಳಗೆ ಹೋಗಿ ಸದ್ದು ಹಚ್ಚಿದರು. ದಾನಮ್ಮ ಕಾದು ಕೂತವಳಂತೆ ಕೂಡಲೇ ಶುರುಮಾಡಿದಳು.

ಹಾಕಸ್ರಿ. ಮೂರು ತಿಂಗಳ ಮಾತು ಉಳದಾವ

ಶಂಕರಪ್ಪ ಮುಖ ಮುಚ್ಚಿಕೊಂಡ.

ಸಾಕು ಅನ್ನಿಸಿದ ದಿನಾ ಹೇಳತೀನಿ. ಆವತ್ತ ತಗೀಬೇಕು. ಹೇಳಾಕಿ ನಾನ. ನೀವ್ಯಾರೂ ಹೇಳಂಗಿಲ್ಲ. ಸುವರ್ಣಾ ಹೂಂ ಅನ್ನು

"ಹೂಂ ಬೇ," ಎಂದಳು ಸುವರ್ಣಾ. ಸದ್ದಿನಲ್ಲಿ ಅವಳ ಧ್ವನಿ ಯಾರಿಗೂ ಕೇಳಲಿಲ್ಲ. ಅವಳು ತಾಯಿಯ ಕಣ್ಣೆದುರು ಬಂದು, ಬಾಯಗಲಿಸಿ, ಸದ್ದಿಲ್ಲದೆ ಇನ್ನೊಮ್ಮೆ ಅಂದಳು.

ಮಾರ್ಚಿನಲ್ಲಿ ದಾನಮ್ಮ ಮನೆಗೆ ಮರಳಿದಳು. ಫ್ಯಾನು ಕೋಣೆಯ ಇನ್ನೊಂದು ಮೂಲೆಗೆ ಹೋಗಿತ್ತು. ಮನೆ ತನ್ನದೇ ಒಂದು ರೀತಿ ಕಂಡುಕೊಂಡಿತು. ಶೆಡ್ಡು ನಡೆಯುವ ಹೊತ್ತು ಮಾತಿನ ಹೊತ್ತು. ನೆರೆಹೊರೆಯವರು ಆಗಲೇ ಬರುತ್ತಿದ್ದರು, ಕೂಗಿ ಕೂಗಿ ಗಂಟಲು ಕೆಡಿಸಿಕೊಂಡು ಹೋಗುತ್ತಿದ್ದರು. ಕರೆಂಟು ಹೋದರೆ ಮಗ್ಗದ ಜೊತೆ ದಾನಮ್ಮನೂ ನಿಲ್ಲುತ್ತಿದ್ದಳು, ಎಷ್ಟೋ ಸಲ ಒಂದು ಬೈಗುಳದ ಅರ್ಧಕ್ಕೇ. ಅದಕ್ಕಾಗಿ ಶಂಕರಪ್ಪ ಬ್ಯಾಟರಿಯ ಸ್ಪೀಕರ್ ಒಂದನ್ನು ಮಂಚಕ್ಕೆ ಕಟ್ಟಿದ. ಅದನ್ನು ಯಾವಾಗ ಹಚ್ಚಬೇಕು ಎಂಬುದು ಮಾತ್ರ ದಾನಮ್ಮನ ಮಾತು. ನಾಳೆಯದನ್ನು ಇವತ್ತೇ ಹೇಳಿಡುತ್ತಿದ್ದಳು.

ಏಪ್ರಿಲ್ ತಿಂಗಳ ಅಮಾವಾಸ್ಯೆಯಂದು ನಿರುಪಮಾ ತಿಂಗಳ ಅಳತೆಗೆ ಬಂದರು. ತಾರೀಖು ಗೊತ್ತುಮಾಡಿದವನು ಹೊಸ ಸಹಾಯಕ. ಅವನಿಗೆ ಹಳೆಯ ಪದ್ಧತಿಯ ಪಟ್ಟಿ ಸಿಕ್ಕಿತ್ತು. ಓಣಿ ಶಾಂತವಾಗಿತ್ತು. ದಾನಮ್ಮ ಕಣ್ಣು ತೆರೆದು ಮಲಗಿದ್ದಳು. ಶ್ವಾಸಯಂತ್ರ ಮೆಲ್ಲಗೆ ಏರಿ ಇಳಿಯುತ್ತಿತ್ತು. ಮಂಚದ ಪಕ್ಕ ಮಾಬೂಬಿ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ನಿರುಪಮಾ ಸ್ಪೀಕರಿನ ಕಡೆ ಕೈ ಚಾಚಿದರು.

"ಅದನ್ನ ಮುಟ್ಟಬ್ಯಾಡ್ರಿ ಅಕ್ಕಾರ," ಎಂದಳು ಮಾಬೂಬಿ. "ಇವತ್ತ ಅಮಾಸಿ. ಮಗ್ಗಕ್ಕ ರಜಾ, ಆಕಿಗೂ ರಜಾ. ನಿನ್ನಿ ಸಂಜಿಮುಂದನ ಹೇಳ್ಯಾಳ, ಯಾರರೆ ಬಂದ್ರ ನಾಳಿ ಬರ್ರಿ ಅನ್ನು ಅಂತ."

"ನೀವು ಕೂತೀರಲ್ಲ?"

"ನಾ ಮಾತಾಡಾಕ ಬಂದಿಲ್ರಿ, ಕೂಡಾಕ ಬಂದೀನಿ."

ನಿರುಪಮಾ ನಕ್ಕು ಕೈ ಹಿಂದೆ ತೆಗೆದುಕೊಂಡರು. ಲ್ಯಾಪ್‌ಟಾಪನ್ನು ತೆರೆಯಲಿಲ್ಲ. ಮಾಬೂಬಿ ಎಲೆ ಮಡಚುತ್ತ ದಾನಮ್ಮನ ಕಡೆ ತಿರುಗಿ, ಸದ್ದಿಲ್ಲದೆ ಬಾಯಿ ಆಡಿಸಿ ಒಂದು ಮಾತು ಅಂದಳು. ಅಂದು, ತಡೆದಳು. ಕಿಟಕಿಯ ಬಿಸಿಲು ದಾನಮ್ಮನ ಹೊದಿಕೆಯ ಮೇಲೆ ಬಿದ್ದಿತ್ತು. ಮಾಬೂಬಿ ಒಂದು ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಕಾದು, ಆಮೇಲೆ ತಲೆಯಾಡಿಸಿ ಎಲೆ ಬಾಯಿಗಿಟ್ಟುಕೊಂಡಳು.

ಬಂದ ಮೇಲೆ ಏನಾದರೂ ಅಳೆಯಬೇಕಲ್ಲ. ಪದಗಳ ಲೆಕ್ಕದ ಜಾಗದಲ್ಲಿ ನಿರುಪಮಾ ರಜೆ ಎಂದು ಬರೆದರು. ಶಬ್ದಮಾಪಕವನ್ನು ದಾನಮ್ಮನ ದಿಂಬಿನ ಪಕ್ಕ ಹಿಡಿದು, ಅಂಕಿ ನಿಲ್ಲುವವರೆಗೆ ಕಾದು, ಅದರ ಕೆಳಗೆ ಬರೆದರು: ಕೋಣೆಯ ಶಬ್ದ, ಶ್ವಾಸಯಂತ್ರದ್ದೂ ಸೇರಿ, ೩೯ ಡೆಸಿಬೆಲ್.